ಜರಿಗಿಡದ ಎಲೆ ಹಿಂದೆ ಕಂದು ಚುಕ್ಕಿ: ಯಾವ ಔಷಧಿ ಹೊಡೆಯಬೇಕು?

ಬಾಸ್ಟನ್ ಫರ್ನ್ (ಮನೆಯಲ್ಲಿ ಬೆಳೆಸುವ ಒಂದು ಬಗೆಯ ಜರಿಗಿಡ) ಒಣಗುತ್ತಿದೆ, ಎಲೆ ಹಿಂದೆ ಕಂದು ಚುಕ್ಕಿ ಇದೆ, ಏನು ಹೊಡೆಯಲಿ ಅಂತ ಕೇಳಿದ್ದೀರಿ. ಏನೂ ಹೊಡೆಯಬೇಡಿ. ಕೈಯಲ್ಲಿರುವ ಬಾಟಲಿ ಮೊದಲು ಕೆಳಗಿಡಿ.

ನನ್ನದೂ ಇದೇ ಗಿಡ, ಬೆಂಗಳೂರಿನ ಬಾಲ್ಕನಿಯಲ್ಲಿ ತೂಗುಹಾಕಿದ್ದೆ. ಮಾರ್ಚ್ ಬಂದಿದ್ದೇ ತುದಿಗಳು ಒಣಗತೊಡಗಿದವು. ಎಲೆ ಮಗುಚಿದರೆ ಸಾಲಾಗಿ ಕಂದು ಚುಕ್ಕಿ. ಹುಳ ಬಿತ್ತು ಅಂದುಕೊಂಡು ಬೇವಿನೆಣ್ಣೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಹೊಡೆದೆ.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಲೀಟರ್ ನೀರಿಗೆ 5 ಎಂ.ಎಲ್. ಎಣ್ಣೆ ಸಾಕು, ನಾನು ಕಣ್ಣಳತೆಯಲ್ಲಿ ಸುರಿದೆ. ಹೊಡೆದದ್ದು ಮಟಮಟ ಮಧ್ಯಾಹ್ನ, ಮಣ್ಣು ಒಣಗಿದ್ದಾಗ. ದಾಸವಾಳದ ಎಲೆಯಾಗಿದ್ದರೆ ತಡೆದುಕೊಳ್ಳುತ್ತಿತ್ತೇನೋ. ಜರಿಯ ಎಲೆ ತುಂಬಾ ತೆಳು, ಎಣ್ಣೆ, ಸೋಪು ಎರಡೂ ಅದನ್ನು ಬೇಗ ಸುಡುತ್ತವೆ. ವಾರದೊಳಗೆ ಇಡೀ ಗಿಡ ಕಪ್ಪಾಯಿತು. ಹೋಗಲಿ, ಆ ಚುಕ್ಕಿ ಹುಳವಾದರೂ ಆಗಿತ್ತಾ? ಅಲ್ಲ. ಜರಿಗಿಡಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ. ಎಲೆ ಹಿಂದಿನ ಚುಕ್ಕಿಗಳಲ್ಲಿರುವ ಬೀಜಕಗಳಿಂದ, ಅಂದರೆ ಪುಡಿಯಂಥ ಕಣಗಳಿಂದ, ಅದರ ಸಂತಾನ. ನಾನು ವಿಷ ಹಾಕಿದ್ದು ಅವಕ್ಕೆ! ಬೆಳ್ಳಿ ಜರಿಯ ಎಲೆಯನ್ನು ಕೈಗೆ ಒತ್ತಿ ಬಿಳಿ ಅಚ್ಚು ಮೂಡಿಸಿಕೊಂಡು ಮಲೆನಾಡಲ್ಲಿ ಬೆಳೆದವಳಿಗೆ ಇಷ್ಟಾದರೂ ಗೊತ್ತಿರಬೇಕಿತ್ತು ಅಲ್ವಾ.

ತಮಾಷೆ ಅಂದರೆ, ನಿಜವಾದ ಕೀಟ ಬೇರೆ ಕಡೆ ಇತ್ತು. ಎಲೆಯ ದಂಟಿನ ಮೇಲೆ ಅಲ್ಲೊಂದು ಇಲ್ಲೊಂದು ಉಬ್ಬು. ಅದು ಶಲ್ಕ ಕೀಟ, ನರ್ಸರಿಯವರು ಸ್ಕೇಲ್ ಅನ್ನುತ್ತಾರೆ. ಅದು ಬಿಡುವ ಸಿಹಿ ಅಂಟಿಗಾಗಿ ಇರುವೆ ಸಾಲು ಹಿಡಿದಿತ್ತು, ನಾನು ಅದನ್ನೂ ಗಮನಿಸಿರಲಿಲ್ಲ. ನೀವು ಉಗುರಿನಿಂದ ಕೆರೆದು ನೋಡಿ. ಒಣಗಿದ ಗಾಯದ ಹಕ್ಕಳೆಯಂತೆ ಇಡಿಯಾಗಿ ಎದ್ದು ಬಂದರೆ ಕೀಟ. ಒಂದೇ ಅಂತರದಲ್ಲಿ ಅಚ್ಚುಕಟ್ಟಾಗಿದ್ದು, ಕೆರೆದರೆ ಕಂದು ಪುಡಿ ಉದುರಿದರೆ ಬೀಜಕ, ಸುಮ್ನೆ ಬಿಟ್ಟುಬಿಡಿ.

ಕೀಟವೇ ಆದರೂ ಔಷಧಿಗಿಂತ ಕತ್ತರಿ ವಾಸಿ. ನಾನು ಬುಡದಿಂದ ಎರಡು ಇಂಚು ಬಿಟ್ಟು ಎಲ್ಲ ಕತ್ತರಿಸಿದೆ. ಮನೆಯವರು ಬೋಳು ಕುಂಡ ನೋಡಿ ನಕ್ಕರು. ಬೇರು ಗಟ್ಟಿಯಾಗಿದ್ದರೆ ಗಿಡ ಬದುಕಿದೆ ಅಂತಲೇ ಲೆಕ್ಕ. ಮೆತ್ತಗೆ ಕೊಳೆತು ವಾಸನೆ ಬಂದರೆ ಆಸೆ ಬಿಡಿ.

ಅಸಲಿಗೆ ನನ್ನ ಗಿಡ ಸೊರಗಿದ್ದು ಬಾಯಾರಿಕೆಯಿಂದ. ಕುಂಡದಲ್ಲಿರುವ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಮ್ಮೆ ಪೂರ್ತಿ ಒಣಗಿದರೆ ಸುಲಭಕ್ಕೆ ನೀರು ಕುಡಿಯದೇ ಇರಬಹುದು. ಮೇಲೆ ಹಾಕಿದ ನೀರು ಅಂಚಿನಿಂದ ಇಳಿದು ಹೋಗುತ್ತದೆ, ಒಳಗೆ ಬೇರಿನ ಸುತ್ತ ಒಣಗಿಯೇ ಇರುತ್ತದೆ. ಹಾಗಾಗಿ ಕುಂಡವನ್ನೇ ಬಕೆಟ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟೆ. ಆಮೇಲೆ ಫ್ಯಾನಿನ ಗಾಳಿ, ನೇರ ಬಿಸಿಲು ಎರಡೂ ತಾಗದ, ಕಿಟಕಿಯಿರುವ ಬಚ್ಚಲಮನೆಗೆ ಸಾಗಿಸಿದೆ. ದಿನಾ ಎಲೆಗೆ ನೀರು ಚಿಮುಕಿಸಿ ಅನ್ನುವವರ ಮಾತು ಕೇಳಬೇಡಿ, ಆ ತೇವ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಹೊಸ ಎಲೆಯ ಸುರುಳಿ ಬಿಚ್ಚಿಕೊಳ್ಳುವ ತನಕ ಗೊಬ್ಬರವೂ ಬೇಡ. ನನ್ನದು ಮಳೆಗಾಲ ಹಿಡಿಯುವ ಹೊತ್ತಿಗೆ ಚಿಗುರಿತು.

ಕತ್ತರಿಸಿದ ಎಲೆಗಳನ್ನು ಕಾಂಪೋಸ್ಟ್ ಡಬ್ಬಿಗೆ ಹಾಕಬೇಡಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಎಸೆಯಿರಿ. ಪಕ್ಕದ ಕುಂಡಗಳ ದಂಟನ್ನೂ ಇವತ್ತೇ ಒಮ್ಮೆ ಕೆರೆದು ನೋಡಿ.