ಮೊದಲ ಸಿಂಗಲ್ ಸ್ಟೇಜ್ ಪ್ರೆಸ್ ಯಾವುದು? ಮೊದಲು ನಿಮ್ಮ ಮೇಜು ನೋಡಿಕೊಳ್ಳಿ

ನೀವು ಬೀದರಿನವರು, ಎರಡು ವರ್ಷದಿಂದ ಟೆಕ್ಸಾಸ್‌ನಲ್ಲಿ ಕೆಲಸದಲ್ಲಿದ್ದೀರಿ, .308 ಗಾತ್ರದ ಗುಂಡಿನ ರೈಫಲ್‌ನಲ್ಲಿ ಗುರಿ ಅಭ್ಯಾಸ ಮಾಡುತ್ತೀರಿ. ಹಾರಿಸಿದ ಕಾಡತೂಸುಗಳನ್ನು ಮನೆಯಲ್ಲೇ ಮರುಭರ್ತಿ ಮಾಡಲು ಯಾವ ಪ್ರೆಸ್ (ಹಿಡಿಕೆ ಎಳೆದು ಒತ್ತುವ ಯಂತ್ರ) ಕೊಳ್ಳಬೇಕು, ಊರಿಗೆ ಮರಳುವಾಗ ಅದನ್ನು ತರಬಹುದೇ ಎಂದು ಕೇಳಿದ್ದೀರಿ. ಎರಕದ ಕಬ್ಬಿಣದ, ಓ ಆಕಾರದ ಚೌಕಟ್ಟಿನ, ಸುಟ್ಟ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ, ಕಾಡತೂಸಿನ ತಳದ ಪುಟ್ಟ ಬಟ್ಟಲು) ರ್ಯಾಮ್‌ನ, ಅಂದರೆ ಮೇಲೆ ಕೆಳಗೆ ಓಡುವ ಕಂಬದ, ಒಳಗಿನಿಂದಲೇ ಕೆಳಗಿಳಿಯುವ ಪ್ರೆಸ್ ಕೊಳ್ಳಿ. ಉಳಿದ ಹಣವನ್ನು ಮೇಜಿಗೆ ಹಾಕಿ. ಊರಿಗೆ ತರುವ ಮಾತನ್ನು ಬಿಟ್ಟುಬಿಡಿ. ಏಕೆಂದು ಕೊನೆಯಲ್ಲಿ ಹೇಳುತ್ತೇನೆ.

ನಾನು ಕಲಬುರಗಿಯವನು. ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಸೋದರಮಾವನ ಲೇಥ್ ಅಂಗಡಿಯಲ್ಲಿ ಕೈ ಪಳಗಿಸಿಕೊಂಡು, ಮುಂದೆ ಸ್ಯಾನ್ ಆಂಟೋನಿಯೊದಲ್ಲಿ ಹನ್ನೊಂದು ವರ್ಷ ಇದ್ದು, ತಂದೆತಾಯಿಗೆ ವಯಸ್ಸಾಯಿತೆಂದು ಮರಳಿ ಬಂದಿದ್ದೇನೆ. ಅಲ್ಲಿ ಪಕ್ಕದ ಮನೆಯ ನಿವೃತ್ತ ಹಿರಿಯರೊಬ್ಬರು ಈ ಹವ್ಯಾಸ ಹಚ್ಚಿದರು.

ಪ್ರೆಸ್‌ಗಿಂತ ಮೊದಲು ಒಂದು ಮಾತು. ನೀವು ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿದ್ದರೆ ಅಮೆರಿಕದ ಫೆಡರಲ್ ಕಾನೂನು ಬಂದೂಕು, ಮದ್ದುಗುಂಡು ಎರಡನ್ನೂ ಇಟ್ಟುಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದರೆ ಈ ತೊಡಕಿಲ್ಲ. ಎಷ್ಟೋ ಜನ ನಮ್ಮವರು ಇದನ್ನು ತಿಳಿಯದೆಯೇ ಸ್ನೇಹಿತರ ಜೊತೆ ರೇಂಜ್‌ಗೆ ಹೋಗುತ್ತಾರೆ. ನಿಮ್ಮ ಕಾಗದಪತ್ರ ಸರಿ ಇದೆ ಎಂದುಕೊಂಡೇ ಮುಂದೆ ಬರೆಯುತ್ತೇನೆ. ಸ್ವಂತ ಬಳಕೆಗೆ ಮರುಭರ್ತಿ ಮಾಡಲು ಅಲ್ಲಿ ಫೆಡರಲ್ ಲೈಸೆನ್ಸ್ ಬೇಡ; ಮಾರುವ ವ್ಯಾಪಾರಕ್ಕೆ ಇಳಿದರೆ ಬೇಕು.

ಸಿಂಗಲ್ ಸ್ಟೇಜ್ ಎಂದರೆ ಹಿಡಿಕೆಯನ್ನು ಒಮ್ಮೆ ಎಳೆದರೆ ಒಂದೇ ಕೆಲಸ. ಮೇಲೆ ಡೈ (ಕೆಲಸಕ್ಕೊಂದರಂತೆ ಬದಲಿಸುವ ಉಕ್ಕಿನ ಅಚ್ಚು), ಕೆಳಗೆ ರ್ಯಾಮ್, ರ್ಯಾಮ್‌ನ ತಲೆಯ ಮೇಲೆ ಕೇಸಿನ ಅಂಚು ಹಿಡಿಯುವ ಶೆಲ್ ಹೋಲ್ಡರ್, ಅದರಲ್ಲಿ ಖಾಲಿ ಹಿತ್ತಾಳೆ ಕೇಸ್. ನೂರು ಕೇಸ್‌ಗಳನ್ನು ಮೊದಲು ಅಳತೆಗೆ ತರುತ್ತೀರಿ, ಆಮೇಲೆ ಡೈ ಬದಲಿಸಿ ನೂರಕ್ಕೂ ಗುಂಡು ಕೂರಿಸುತ್ತೀರಿ. ನಿಧಾನ, ಆದರೆ ತಪ್ಪು ಕಣ್ಣಿಗೆ ಬೀಳುತ್ತದೆ. ತಿಂಗಳಿಗೆ ಸಾವಿರಗಟ್ಟಲೆ ಪಿಸ್ತೂಲು ಗುಂಡು ಹಾರಿಸುವವರಿಗೆ ಇದು ಹೇಳಿದ್ದಲ್ಲ. ನಿಮ್ಮ .308ಕ್ಕೆ ಇದೇ ಸರಿ.

ಎಲ್ಲಕ್ಕಿಂತ ಹೆಚ್ಚು ಬಲ ಬೇಡುವುದು ಅಳತೆಗೆ ತರುವ ಕೆಲಸ. ಹಾರಿಸಿದಾಗ ಕೇಸ್ ಚೇಂಬರಿನ ಗಾತ್ರಕ್ಕೆ ಉಬ್ಬಿರುತ್ತದೆ. ಅದನ್ನು ಡೈಯೊಳಗೆ ನುಗ್ಗಿಸಿ ಮತ್ತೆ ಕುಗ್ಗಿಸಬೇಕು. ಆಗ ಚೌಕಟ್ಟು ಎಷ್ಟು ಬಗ್ಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸಿ ಆಕಾರದ ಚೌಕಟ್ಟಿನ ಬಾಯಿ ಮುಂದೆ ತೆರೆದಿರುತ್ತದೆ, ಕೈ ಹಾಕಲು ಸಲೀಸು. ಆದರೆ ಬಲ ಬಿದ್ದಾಗ ಆ ಬಾಯಿ ಕೂದಲೆಳೆಯಷ್ಟು ಅಗಲವಾಗುತ್ತದೆ. ಓ ಆಕಾರದ್ದು ಸುತ್ತಲೂ ಮುಚ್ಚಿದ ಬಳೆ. ಅದು ಹಾಗೆ ಸುಲಭಕ್ಕೆ ಬಾಯಿ ಬಿಡುವುದಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಖಾಲಿ ರ್ಯಾಮ್ ಅನ್ನು ಮೇಲಕ್ಕೆತ್ತಿ, ಶೆಲ್ ಹೋಲ್ಡರ್ ಮುಟ್ಟುವವರೆಗೆ ಡೈಯನ್ನು ತಿರುಗಿಸಿ ಕೂರಿಸಿ. ಹಿಂದಿನಿಂದ ಟಾರ್ಚ್ ಹಿಡಿಯಿರಿ, ಬೆಳಕು ಕಾಣುವುದಿಲ್ಲ. ಈಗ ಎಣ್ಣೆ ಸವರಿದ ಕೇಸ್ ಇಟ್ಟು ಅದೇ ಹಿಡಿಕೆಯನ್ನು ಕೊನೆಯವರೆಗೆ ಎಳೆಯಿರಿ. ಡೈಗೂ ಶೆಲ್ ಹೋಲ್ಡರಿಗೂ ನಡುವೆ ಬೆಳ್ಳಿಯ ಎಳೆಯಂತೆ ಒಂದು ಬೆಳಕಿನ ಗೆರೆ ಮೂಡುತ್ತದೆ. ಅದೇ ಚೌಕಟ್ಟು ಕೊಟ್ಟ ಬಾಗು. ಓ ಆಕಾರದ ಪ್ರೆಸ್‌ನಲ್ಲೂ ಸ್ವಲ್ಪ ಇರುತ್ತದೆ. ಡೈಯನ್ನು ಇನ್ನೊಂದಿಷ್ಟು ಇಳಿಸಿ ಸರಿಪಡಿಸಿಕೊಳ್ಳಬಹುದು. ಹಗುರ ಪ್ರೆಸ್‌ನಲ್ಲಿ ತೊಂದರೆ ಏನೆಂದರೆ ಒಂದೊಂದು ಕೇಸಿಗೆ ಒಂದೊಂದು ಗೆರೆ. ಆಗ ಕೇಸಿನ ಭುಜದ (ಕತ್ತಿನ ಕೆಳಗಿನ ಇಳಿಜಾರಿನ) ಎತ್ತರವೂ ಒಂದೊಂದು ತರಹ ಬರುತ್ತದೆ.

ಇನ್ನು ಮೇಜಿನ ಕಥೆ. ನನ್ನ ಮೊದಲ ಪ್ರೆಸ್ ಅನ್ನು ಮರದ ಪುಡಿ ಅಂಟಿಸಿ ಮಾಡಿದ ಕಂಪ್ಯೂಟರ್ ಮೇಜಿಗೆ ಬಿಗಿದಿದ್ದೆ. ಮೂಗಿಗಿಂತ ಮೂಗುತಿ ಭಾರ. ಹಿಡಿಕೆ ಎಳೆದಾಗಲೆಲ್ಲ ಮೇಜಿನ ಹಿಂಗಾಲು ನೆಲ ಬಿಟ್ಟು ಏಳುತ್ತಿತ್ತು. ಚಿಕ್ಕವನಿದ್ದಾಗ ಅವ್ವ ಹೊರಸಿನ ಪಟ್ಟಿಗೆ ಶಾವಿಗೆ ಮಷೀನು ಬಿಗಿದು ತಿರುಗಿಸುವಾಗ ನನ್ನನ್ನೂ ತಮ್ಮನನ್ನೂ ಹೊರಸಿನ ಮೇಲೆ ಭಾರಕ್ಕೆಂದು ಕೂರಿಸುತ್ತಿದ್ದಳು. ನಾವು ಎದ್ದು ಓಡಿದರೆ ಹೊರಸೇ ಅವಳ ಕಡೆ ಜಾರುತ್ತಿತ್ತು, ಎಳೆಗಳೆಲ್ಲ ತುಂಡುತುಂಡು. ಅದೇ ಲೆಕ್ಕ ಇಲ್ಲೂ. ಮೇಜು ಅಲುಗಿದರೆ ಕೈಗೆ ಪ್ರೆಸ್‌ನ ಸುಳಿವು ಸಿಗುವುದಿಲ್ಲ: ಕೇಸ್ ಸಲೀಸಾಗಿ ಹೋಗುತ್ತಿದೆಯೋ, ಎಲ್ಲಾದರೂ ಹಿಡಿಯುತ್ತಿದೆಯೋ ತಿಳಿಯುವುದಿಲ್ಲ. ಕೊನೆಗೆ ಮುಕ್ಕಾಲು ಇಂಚಿನ ಪ್ಲೈವುಡ್ ಎರಡು ಪದರ ಅಂಟಿಸಿ, ದಪ್ಪ ಕಾಲು ಕೊಟ್ಟು, ಗೋಡೆಯೊಳಗಿನ ಮರದ ಕಂಬಕ್ಕೆ ಬೋಲ್ಟ್ ಹಾಕಿದೆ. ಪ್ರೆಸ್ ಅನ್ನು ಮೇಜಿನ ಮಧ್ಯದಲ್ಲಿ ಕೂರಿಸಬೇಡಿ, ಕಾಲಿನ ನೇರಕ್ಕೆ ಕೂರಿಸಿ. ಅಡಿಯಲ್ಲಿ ವಾಷರ್ ಬದಲು ಕಬ್ಬಿಣದ ಪಟ್ಟಿ ಕೊಡಿ.

ಆ ಸುಳಿವು ಸಿಗದ ಕಾಲದಲ್ಲೇ ನಾನು ಕೈ ಸುಟ್ಟುಕೊಂಡಿದ್ದು. ಒಂದು ರಾತ್ರಿ ಮಾತಿನ ಭರದಲ್ಲಿ ಎಣ್ಣೆ ಸವರದ ಕೇಸ್ ಒಂದನ್ನು ಒಳಗೆ ಕಳುಹಿಸಿದೆ. ಅರ್ಧಕ್ಕೆ ನಿಂತಿತು. ಮೇಜಿನ ಕುಲುಕಾಟವೆಂದು ಇನ್ನಷ್ಟು ಎಳೆದೆ. ರ್ಯಾಮ್ ಇಳಿಸಿದಾಗ ಶೆಲ್ ಹೋಲ್ಡರಿನಲ್ಲಿ ಉಳಿದಿದ್ದು ಉಗುರಿನಂತಹ ಹಿತ್ತಾಳೆ ಚೂರು, ಅಂದರೆ ಕೇಸಿನ ಅಂಚು. ಉಳಿದದ್ದು ಡೈಯಲ್ಲಿ ಬೆಣೆ ಹೊಡೆದಂತೆ ಕುಳಿತಿತ್ತು. ಡೈ ಬಿಚ್ಚಿ, ಸುಟ್ಟ ಪ್ರೈಮರ್ ಹೊರದಬ್ಬುವ ಒಳಗಿನ ಪಿನ್ನಿನ ಕಡ್ಡಿಯನ್ನು ಆದಷ್ಟು ಹಿಂದಕ್ಕೆ ಸರಿಸಿ, ಕೇಸಿನ ತಳಕ್ಕೆ ಡ್ರಿಲ್ ಹಾಕಿ, ಟ್ಯಾಪ್‌ನಿಂದ ಥ್ರೆಡ್ ಕೊಯ್ದು, ಬೋಲ್ಟ್ ಹಾಕಿ ನಿಧಾನವಾಗಿ ಹೊರಗೆಳೆದೆ. ಲೇಥ್ ಅಂಗಡಿಯಲ್ಲಿ ಮಾವನಿಂದ ತಿಂದ ಬೈಗುಳವೆಲ್ಲ ಅಂದು ಉಪಯೋಗಕ್ಕೆ ಬಂತು. ಇದಕ್ಕೆಂದೇ ಸಿದ್ಧ ಕಿಟ್ ಸಿಗುತ್ತದೆ, ಒಂದು ತಂದಿಟ್ಟುಕೊಳ್ಳಿ.

ಸುಟ್ಟ ಪ್ರೈಮರ್ ವಿಷಯವನ್ನು ಹೊಸಬರು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನು ಅದನ್ನು ಚೌಕಟ್ಟಿನ ನಂತರದ ಸ್ಥಾನದಲ್ಲಿ ಇಡುತ್ತೇನೆ. ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ. ನನ್ನ ಮೊದಲ ಪ್ರೆಸ್‌ನ ಹೆಸರು ಬೇಡ. ಅದರಲ್ಲಿ ಪ್ರೈಮರ್ ಬೀಳಬೇಕಾದ ತಟ್ಟೆಗೆ ಬೀಳುತ್ತಿದ್ದುದು ಮುಕ್ಕಾಲು ಪಾಲು, ಉಳಿದವು ಮೇಜಿನ ಕೆಳಗೆ ಉರುಳುತ್ತಿದ್ದವು. ಮಗಳು ಅಂಬೆಗಾಲಿಡುವ ವಯಸ್ಸು. ಒಂದು ದಿನ ಅವಳ ಅಂಗೈಯಲ್ಲಿ ಕಪ್ಪು ಹಿಡಿದ ಒಂದು ಪ್ರೈಮರ್ ಕಂಡ ಮೇಲೆ ಆ ಪ್ರೆಸ್ ಮನೆಯಲ್ಲಿ ಒಂದು ವಾರವೂ ಉಳಿಯಲಿಲ್ಲ. ಟೊಳ್ಳು ರ್ಯಾಮ್ ಇದ್ದರೆ ಪ್ರೈಮರ್ ಕೊಳವೆಯ ಮೂಲಕ ನೇರ ಡಬ್ಬಿಗೆ ಇಳಿಯುತ್ತದೆ. ಆದರೂ ಕೆಲಸ ಮುಗಿಸಿ ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕಬೇಡಿ.

ಹೆಸರು ಬೇಕೆಂದರೆ, ವಿಸ್ಕಾನ್ಸಿನ್‌ನ ಲೀ ಕಂಪನಿಯ ಕ್ಲಾಸಿಕ್ ಕಾಸ್ಟ್ ಎರಕದ ಕಬ್ಬಿಣದ್ದು, ಟೊಳ್ಳು ರ್ಯಾಮ್‌ನದು, ದರವೂ ಹೆಚ್ಚಿಲ್ಲ. ನಾನು ಎರಡನೆಯದಾಗಿ ಕೊಂಡಿದ್ದು ಅದನ್ನೇ. ರೆಡ್ಡಿಂಗ್‌ನ ಬಿಗ್ ಬಾಸ್ 2, ಆರ್‌ಸಿಬಿಎಸ್‌ನ ರೆಬೆಲ್ ಕೂಡ ಪ್ರೈಮರನ್ನು ರ್ಯಾಮ್ ಒಳಗಿನಿಂದಲೇ ಇಳಿಸುತ್ತವೆ. ಫಾರ್ಸ್ಟರ್ ಕೋ-ಆ್ಯಕ್ಸ್ ಬೇರೆಯೇ ಜಾತಿ: ಎರಡು ಕಂಬದ ಮೇಲೆ ಓಡುತ್ತದೆ, ಡೈಯನ್ನು ತಿರುಗಿಸದೆ ಸರಕ್ಕನೆ ಒಳಗೆ ಜಾರಿಸಬಹುದು. ಚೆಲುವಾದ ಯಂತ್ರ, ಆದರೆ ಮೊದಲ ಪ್ರೆಸ್‌ಗೆ ಅಷ್ಟು ಹಣ ನಾನು ಹಾಕುವುದಿಲ್ಲ. ಇವೆಲ್ಲಕ್ಕೂ ಒಂದೇ ಬಗೆಯ ಡೈ ಹೊಂದುತ್ತದೆ, ವ್ಯಾಸ ಒಂದು ಇಂಚಿನ ಎಂಟರಲ್ಲಿ ಏಳು ಭಾಗ, ಇಂಚಿಗೆ 14 ಥ್ರೆಡ್. ನಮ್ಮ ಲೇಥ್ ಅಂಗಡಿಯ ಭಾಷೆಯಲ್ಲಿ ಏಳು ಸೂತು. ಹೀಗಾಗಿ ಇಂದು ಒಂದು ಕಂಪನಿಯ ಪ್ರೆಸ್, ನಾಳೆ ಇನ್ನೊಂದರ ಡೈ ಎಂದು ಕೊಳ್ಳಲು ಅಡ್ಡಿಯಿಲ್ಲ.

ಹಳೆಯದು ಸಿಕ್ಕರೆ ಹಿಂಜರಿಯಬೇಡಿ. ಎರಕದ ಕಬ್ಬಿಣದ ಪ್ರೆಸ್ ಒಂದು ತಲೆಮಾರು ದುಡಿದರೂ ದಣಿಯುವುದಿಲ್ಲ. ಚೌಕಟ್ಟಿನ ಮೂಲೆಗಳಲ್ಲಿ ಬಿರುಕು ಇದೆಯೇ, ಕೊಂಡಿಯ ಪಿನ್ನುಗಳು ಸಡಿಲವೇ ನೋಡಿ. ರ್ಯಾಮ್ ಅನ್ನು ಬೆರಳಿನಲ್ಲಿ ಅಲುಗಿಸಿದಾಗ ತುಸು ಆಡಿದರೆ ಗಾಬರಿ ಬೇಡ, ಕೇಸ್ ಶೆಲ್ ಹೋಲ್ಡರಿನಲ್ಲಿ ಹೇಗೂ ಸಡಿಲವಾಗಿಯೇ ಕೂತು ಡೈಯ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಈಗ ಊರಿಗೆ ತರುವ ಪ್ರಶ್ನೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಮಿನಲ್ಲಿ ‘ಮದ್ದುಗುಂಡು’ ಎಂಬ ಪದದ ವ್ಯಾಖ್ಯೆ ಓದಿ. ಮದ್ದುಗುಂಡಿನ ಬಿಡಿಭಾಗಗಳು ಮಾತ್ರವಲ್ಲ, ಅದನ್ನು ತಯಾರಿಸುವ ಯಂತ್ರವೂ ಅದರಲ್ಲಿ ಸೇರಿದೆ. ಎಂದರೆ ನಿಮ್ಮ ಪ್ರೆಸ್‌ನಲ್ಲಿ ಒಂದು ಚಿಟಿಕೆ ಮದ್ದು ಇಲ್ಲದಿದ್ದರೂ ಅದೇ ಮದ್ದುಗುಂಡು ಎನಿಸಿಕೊಳ್ಳಬಹುದು. ಆಮದಿಗೆ ಲೈಸೆನ್ಸ್ ಬೇಕು, ತಯಾರಿಕೆಗೆ 5ನೇ ಕಲಮಿನಡಿ ಬೇರೆ ಲೈಸೆನ್ಸ್ ಬೇಕು. ಅದಿಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಸೆರೆ, ಗರಿಷ್ಠ ಜೀವಾವಧಿ. ತೊಗರಿ ಹೊಲಕ್ಕೆ ನುಗ್ಗುವ ಹಂದಿಗಳ ಕಾಟಕ್ಕೆಂದು ಮನೆಯಲ್ಲಿ ಲೈಸೆನ್ಸ್ ಇರುವ ಬಂದೂಕು ಇದ್ದರೂ, ಬಂದೂಕಿನ ಲೈಸೆನ್ಸ್ ತೋಟಾ ತುಂಬುವ ಲೈಸೆನ್ಸ್ ಅಲ್ಲ.

ನಾನು ಹೊರಡುವ ವಾರ ಪ್ರೆಸ್, ಡೈ, ತಕ್ಕಡಿ ಎಲ್ಲವನ್ನೂ ಪಕ್ಕದ ಮನೆಯ ಹಿರಿಯರಿಗೆ ಕೊಟ್ಟೆ. ಅಂಚು ಹರಿದ ಆ .308 ಕೇಸನ್ನು, ಬೋಲ್ಟ್ ಸಮೇತ, ಮಾವನಿಗೆ ತೋರಿಸಲೆಂದು ಸೂಟ್‌ಕೇಸಿನಲ್ಲಿ ಇಟ್ಟುಕೊಂಡಿದ್ದೆ. ಹಿಂದಿನ ರಾತ್ರಿ ಅದೂ ‘ಬಿಡಿಭಾಗ’ವೇ ಎಂಬುದು ಹೊಳೆದು, ಎದ್ದು ಹೋಗಿ ಅವರ ಮೇಜಿನ ಮೇಲಿಟ್ಟು ಬಂದೆ. ಮಾವನಿಗೆ ಫೋಟೊ ತೋರಿಸಿದೆ. “ಎಣ್ಣೆ ಹಾಕಿರಲಿಲ್ಲವೇನು?” ಎಂದು ಕೇಳಿದರು.