ಆ ಡ್ರಾಯರ್ ಮೊದಲು ಮುಗಿಸಿ

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆಫೀಸು ಮುಗಿಸಿ ಬಂದು ಶೆಡ್ಡಿನಲ್ಲಿ ಮರಗೆಲಸಕ್ಕೆ ಕೂರುವುದು ಆರು ವರ್ಷದ ರೂಢಿ ಎಂದಿದ್ದೀರಿ. ಅಕ್ಕಪಕ್ಕದವರ ಮುರಿದ ಕುರ್ಚಿಗಳೆಲ್ಲ ನಿಮ್ಮ ಹತ್ತಿರವೇ ಬರುತ್ತವೆ. ಈಗ ಹತ್ತಿರದ ಶಾಲೆಯವರು ಪುಸ್ತಕದ ಕಪಾಟು ಮಾಡಿಕೊಡಿ ಎಂದು ಕೇಳಿದ್ದಾರೆ. ಇತ್ತ ಹತ್ತು ವರ್ಷದ ಮಗಳ ಓದುವ ಮೇಜು ಮಾತ್ರ ಡ್ರಾಯರ್ ಇಲ್ಲದೆ ವರ್ಷದಿಂದ ನಿಂತಿದೆ. 'ಊರಿಗೆಲ್ಲ ಮಾಡಿಕೊಡ್ತೀರಿ, ಮನೆಗೆ ಮಾತ್ರ ಪುರಸೊತ್ತಿಲ್ಲ' ಎಂದು ಹೆಂಡತಿ ಬೇಜಾರು ಮಾಡಿಕೊಂಡರಂತೆ. ಈ ಹವ್ಯಾಸವನ್ನೇ ಬಿಟ್ಟುಬಿಡಲಾ ಎಂದು ಕೇಳಿದ್ದೀರಿ.

ಬಿಡಬೇಡಿ. ಆದರೆ ನಿಮ್ಮ ಹೆಂಡತಿ ಹೇಳಿದ್ದು ಸರಿಯಾಗಿದೆ. ಡ್ರಾಯರ್ ಮೊದಲು ಮುಗಿಸಿ. ಅದೂ ಒಬ್ಬರೇ ಅಲ್ಲ, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು.

ಅವಳ ಕೈಗೆ ಉಳಿ ಕೊಡಲು ಭಯ ಎಂದು ಬರೆದಿದ್ದೀರಿ. ಫಿನ್ಲೆಂಡಿನಲ್ಲಿ 1866ರಲ್ಲೇ ಶಾಲಾ ಮಕ್ಕಳ ಪಾಠದಲ್ಲಿ ಕೈಕೆಲಸ ಸೇರಿತ್ತು. ಮಕ್ಕಳಿಗೆ ಆಗುತ್ತದೆ, ಹಂತ ಹಂತವಾಗಿ ಕಲಿಸಬೇಕು ಅಷ್ಟೇ. ಮೊದಲು ಪೆನ್ಸಿಲಿನಲ್ಲಿ ಅಳತೆಯ ಗೆರೆ ಎಳೆಯಲಿ. ಉಪ್ಪುಕಾಗದ ಉಜ್ಜಲಿ. ಉಳಿ ಹಿಡಿಯುವ ದಿನ ಮರ ಕ್ಲ್ಯಾಂಪಿನಲ್ಲಿ ಬಿಗಿಯಾಗಿರಲಿ, ಎರಡೂ ಕೈ ಅಲಗಿನ ಹಿಂದೆಯೇ ಇರಲಿ. ಮೊಂಡು ಉಳಿ ಕೊಡಬೇಡಿ. ಅದಕ್ಕೆ ಜಾಸ್ತಿ ಬಲ ಬೇಕು, ಜಾರುವುದೂ ಅದೇ. ಕರೆಂಟಿನ ಗರಗಸದ ಹತ್ತಿರ ಮಾತ್ರ ಸದ್ಯಕ್ಕೆ ಬೇಡವೇ ಬೇಡ.

ನಮ್ಮ ಮನೆಯಲ್ಲಿ ಅಪ್ಪ ಮಾಡಿದ ಒಂದು ಸ್ಟೂಲ್ ಇದೆ. ತಿರುಗಿಸಿ ನೋಡಿದರೆ ಕೆಳಗೆ ಎರಡು ಗೆರೆ ಕಾಣುತ್ತವೆ. ಒಂದು ಅಪ್ಪನದು, ನೆಟ್ಟಗಿದೆ. ಇನ್ನೊಂದು ನಾನು ಏಳನೇ ವಯಸ್ಸಿನಲ್ಲಿ ಎಳೆದದ್ದು, ಕೊನೆಗೆ ಹೋಗ್ತಾ ಹೋಗ್ತಾ ಸೊಟ್ಟಗಾಗಿದೆ. ಅಪ್ಪ ಅದನ್ನು ಉಜ್ಜಿ ಅಳಿಸಲಿಲ್ಲ.

ಹಿಂದೆ ಮಾಡಿದ ಡ್ರಾಯರ್ ತೇವದ ದಿನಗಳಲ್ಲಿ ಸಿಕ್ಕಿಹಾಕಿಕೊಂಡಿತು, ಅದಕ್ಕೇ ಕೈಬಿಟ್ಟೆ ಎಂದಿದ್ದೀರಲ್ಲ, ಅದು ನಿಮ್ಮ ಕೈ ತಪ್ಪಲ್ಲ. ಮರ ಗಾಳಿಯ ತೇವ ಹೀರಿಕೊಂಡು ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚೂಕಡಿಮೆ ಉಬ್ಬುವುದೇ ಇಲ್ಲ. ಡ್ರಾಯರಿನ ಪಕ್ಕದ ಹಲಗೆಯ ಎತ್ತರ ಅಂದರೆ ಮರದ ಅಗಲ, ಅಲ್ವಾ? ಹಾಗಾಗಿ ಒಣ ದಿನಗಳಲ್ಲಿ ಮಾಡುವುದಾದರೆ ಮೇಲ್ಗಡೆ ಒಂದೆರಡು ಮಿಲಿಮೀಟರ್ ಸಂದು ಬಿಡಿ. ತಳಕ್ಕೆ ಪ್ಲೈವುಡ್ ಬದಲು ಅಚ್ಚ ಮರದ ಹಲಗೆ ಹಾಕಿದರೆ ಅದಕ್ಕೆ ಸುತ್ತಲೂ ಅಂಟು ಹಚ್ಚಬೇಡಿ, ಪಕ್ಕದ ಹಲಗೆಗಳಲ್ಲಿ ಕೊರೆದ ತೋಡಿನಲ್ಲಿ ಸುಮ್ನೆ ಕೂರಿಸಿ. ಉಬ್ಬಲು, ಕುಗ್ಗಲು ಜಾಗ ಸಿಗುತ್ತದೆ.

ಮನೆಯೊಳಗೆ ಹೊಟ್ಟು ಬರುತ್ತದೆ ಎಂಬ ದೂರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನೆಲದ ಮೇಲಿನ ದಪ್ಪ ಹೊಟ್ಟಿಗಿಂತ ಕಣ್ಣಿಗೆ ಕಾಣದೆ ತೇಲುವ ನಯವಾದ ಧೂಳೇ ಅಪಾಯ. ಒಳ್ಳೆಯ ಮಾಸ್ಕ್ ಹಾಕಿ, ಮಗಳಿಗೂ ಹಾಕಿಸಿ. ಮನೆಯೊಳಗೆ ಬರುವ ಮುಂಚೆ ಬಟ್ಟೆ ಬದಲಿಸಿ. ಇನ್ನೊಂದು ಮಾತು. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕುತ್ತೀರಿ ಎಂದು ಓದಿ ನನಗೆ ಎದೆ ಧಸಕ್ಕೆಂದಿತು. ಹಾಗೆ ಮುದ್ದೆಯಾಗಿ ಬಿದ್ದ ಬಟ್ಟೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಇವತ್ತೇ ಹೊರಗೆ ಬಿಡಿಬಿಡಿಯಾಗಿ ಹರವಿ.

ಇನ್ನು ಶಾಲೆಯ ಕಪಾಟು. ಒಪ್ಪಿಕೊಳ್ಳಿ, ಆದರೆ ಒಬ್ಬರೇ ಹೊರಬೇಡಿ. ಕೊಯ್ಯುವ ಕೆಲಸ ನಿಮ್ಮದಿರಲಿ, ಉಜ್ಜಲು, ಬಣ್ಣ ಹಚ್ಚಲು ಮಕ್ಕಳ ಅಪ್ಪ ಅಮ್ಮಂದಿರನ್ನು ಕರೆಯಿರಿ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ 'ಮೆನ್ಸ್ ಶೆಡ್' ಎಂಬ ಕೂಟಗಳು ಹುಟ್ಟಿದ್ದು ಹೀಗೆಯೇ ಜೊತೆಗೂಡಿ ಕೆಲಸ ಮಾಡಲು. ಕೆಲಸ ಬಿಟ್ಟ ಮೇಲೆ ಒಂಟಿಯಾದ ಗಂಡಸರು ಅಲ್ಲಿ ಬೆಂಚಿನ ಮುಂದೆ ಸೇರುತ್ತಾರೆ. ಎದುರು ಬದುರು ಕೂತರೆ ಬಾಯಿ ಬಿಡದವರು ಕೈಯಲ್ಲಿ ಕೆಲಸ ಇದ್ದಾಗ ಮಾತಾಡುತ್ತಾರೆ. ಕಪಾಟನ್ನು ಗೋಡೆಗೆ ಬಿಗಿಯಲು ಮರೆಯಬೇಡಿ, ಮಕ್ಕಳು ಅದನ್ನು ಹತ್ತಿಯೇ ಹತ್ತುತ್ತಾರೆ.

ನೆರೆಯವರ ಕುರ್ಚಿಗಳಿಗೆ ತಿಂಗಳಲ್ಲಿ ಒಂದು ದಿನ ಗೊತ್ತು ಮಾಡಿ. 'ಬಿಟ್ಟು ಹೋಗಿ' ಎನ್ನುವ ಬದಲು 'ಬನ್ನಿ, ಕೂತು ಸರಿ ಮಾಡೋಣ' ಎನ್ನಿ.

ಡ್ರಾಯರ್ ಮುಗಿದ ಮೇಲೆ ಒಂದು ಫೋಟೊ ಕಳಿಸಿ. ತಳದ ಕಡೆಯಿಂದ ತೆಗೆಯಿರಿ, ಮಗಳು ಎಳೆದ ಗೆರೆ ಕಾಣಬೇಕು.

– ಸಂಪಾದಕ