ಹಗ್ಗ ಎಳೆಯುವುದೂ ಕಥೆಯೇ, ಸ್ವಾಮಿ

ತಿಪಟೂರು ಕಡೆಯ ಓದುಗರೊಬ್ಬರ ಪತ್ರ: "ನೀವು ಹೊಗಳಿದ್ದೀರಿ ಅಂತ ಮಗನ ಕೈಲಿ ಹಾಕಿಸಿಕೊಂಡು 'ದ ಬಿಗ್ ಸ್ಕೈ' ಅನ್ನೋ ಅಮೆರಿಕದ ಸಿನಿಮಾ ನೋಡಿದೆ. ದೋಣಿಗೆ ಹಗ್ಗ ಕಟ್ಟಿ ಎಳೆದದ್ದೇ ಎಳೆದದ್ದು. ತುಪ್ಪಳ ವ್ಯಾಪಾರದವರ ಕಥೆ ಅಂತೀರಿ, ಬೀವರ್ ಅನ್ನೋ ಆ ನೀರಿನ ಪ್ರಾಣಿಯನ್ನು ಹಿಡಿಯುವುದನ್ನು ಮಾತ್ರ ನೆಟ್ಟಗೆ ತೋರಿಸಲ್ಲ. ಅಲ್ಲಿನ ಮೂಲನಿವಾಸಿಗಳನ್ನು ತೋರಿಸಿದ ರೀತಿಯೂ ಹಿಡಿಸಲಿಲ್ಲ. ಮೂವತ್ತೊಂದು ವರ್ಷ ಲೈನ್‌ಮನ್ ಆಗಿ ದುಡಿದು ನಿವೃತ್ತನಾದವನು ನಾನು. ಸಿನಿಮಾ ನೋಡೋದು ದಣಿವು ಆರಿಸಿಕೊಳ್ಳೋಕೆ, ಇನ್ನೊಬ್ಬರ ದಣಿವು ನೋಡೋಕಲ್ಲ."

ಸ್ವಾಮಿ, ನಿಮ್ಮ ಕೊನೆಯ ಸಾಲನ್ನು ಕಚೇರಿಯಲ್ಲಿ ಎಲ್ಲರಿಗೂ ಕೇಳಿಸುವಂತೆ ಓದಿದೆ. ನಮ್ಮಲ್ಲಿ ಅಂಕಣ ಬರೆಯುವವರಿಗೂ ಇಂಥ ಸಾಲು ದಿನಾ ಸಿಗುವುದಿಲ್ಲ. ಆದರೂ ಜಗಳ ಬಿಡುವುದಿಲ್ಲ.

ಮೊದಲು ಒಪ್ಪುವುದನ್ನು ಒಪ್ಪಿಬಿಡುತ್ತೇನೆ. ಮೂಲನಿವಾಸಿಗಳ ವಿಷಯದಲ್ಲಿ ನೀವು ಹೇಳಿದ್ದು ಸರಿ. ಚಿತ್ರ 1952ರದು, ಆ ಕಾಲದ ಕಣ್ಣು ಅದಕ್ಕಿದೆ. ಚಿತ್ರದ ದೋಣಿಯ ಹೆಸರು 'ಮ್ಯಾಂಡನ್'. ಅದು ಮಿಸೌರಿ ನದಿ ದಡದ ಒಂದು ಜನಾಂಗದ ಹೆಸರು. ಕಥೆ ನಡೆಯುವುದು 1832ರಲ್ಲಿ. ಅದಾಗಿ ಐದೇ ವರ್ಷಕ್ಕೆ ತುಪ್ಪಳ ವ್ಯಾಪಾರದ ಹಡಗೊಂದು ಅದೇ ನದಿಯಲ್ಲಿ ಸಿಡುಬು ಹೊತ್ತು ತಂದಿತು. ಮ್ಯಾಂಡನ್ನರು ಹೆಚ್ಚುಕಡಿಮೆ ನಿರ್ನಾಮವಾದರು. ದೋಣಿಗೆ ಹೆಸರು ಕೊಟ್ಟವರ ಬಗ್ಗೆ ಚಿತ್ರಕ್ಕೆ ಅಷ್ಟೇನೂ ಕುತೂಹಲವಿಲ್ಲ.

ಇನ್ನು ಹಗ್ಗ. ನನಗೆ ಆ ಚಿತ್ರ ಇಷ್ಟವಾದದ್ದೇ ಹಗ್ಗದಿಂದ! ಹೋವರ್ಡ್ ಹಾಕ್ಸ್ ನಿರ್ದೇಶನ, ಕರ್ಕ್ ಡಗ್ಲಸ್ ನಾಯಕ. ಅಷ್ಟು ದೊಡ್ಡ ನಟನಿದ್ದರೂ ನದಿ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಸೇಂಟ್ ಲೂಯಿಸ್‌ನಿಂದ ಹೊರಟರೆ ಫೋರ್ಟ್ ಯೂನಿಯನ್ ಎಂಬ ವ್ಯಾಪಾರದ ಕೋಟೆಗೆ ನದಿಯ ಮೇಲೇ ಸುಮಾರು 1,800 ಮೈಲಿ. ಅಷ್ಟೂ ಪ್ರವಾಹಕ್ಕೆ ಎದುರಾಗಿ. ಗಾಳಿ ಬಂದರೆ ಹಾಯಿ, ನೀರು ಆಳವಿಲ್ಲದಿದ್ದರೆ ಗಳ. ಎರಡೂ ಆಗದಿದ್ದರೆ ದೋಣಿಯ ಕಂಬದ ತುದಿಗೆ ಹಗ್ಗ ಕಟ್ಟಿ, ಜನ ದಡದಲ್ಲಿ ಸಾಲಾಗಿ ನಡೆಯುತ್ತಾ ಎಳೆಯಬೇಕು. ಕಂಬದ ತುದಿಗೇ ಯಾಕೆ ಗೊತ್ತಾ? ಕೆಳಗೆ ಕಟ್ಟಿದರೆ ದಡದ ಪೊದೆಗೆಲ್ಲ ಹಗ್ಗ ಸಿಕ್ಕಿಕೊಳ್ಳುತ್ತದೆ. ತಂತಿಯ ಸಹವಾಸ ಮಾಡಿದ ನಿಮಗೆ ಇದನ್ನು ಹೇಳಬೇಕಾ?

ಇದರಲ್ಲೊಂದು ವಿಚಿತ್ರ ಇದೆ. ಅದೇ 1832ರಲ್ಲಿ 'ಯೆಲ್ಲೋಸ್ಟೋನ್' ಎಂಬ ಹೊಗೆ ಹಡಗು ಮೊದಲ ಸಲ ಫೋರ್ಟ್ ಯೂನಿಯನ್ ಮುಟ್ಟಿತು. ಅಂದರೆ ನಮ್ಮ ಚಿತ್ರದವರ ಅಂಗೈ ಬೊಬ್ಬೆ ಏಳುತ್ತಿದ್ದ ವರ್ಷವೇ ಆ ಅಂಗೈಗಳ ಕೆಲಸ ಮುಗಿಯುವ ಸೂಚನೆ ಬಂದಿತ್ತು.

ಬೀವರ್ ಹಿಡಿಯುವುದನ್ನು ತೋರಿಸಲಿಲ್ಲ ಅಂದಿರಿ. ಈ ದೋಣಿಯವರು ಹೊರಟದ್ದು ಬ್ಲ್ಯಾಕ್‌ಫೀಟ್ ಎಂಬ ಮೂಲನಿವಾಸಿ ಜನರ ಜೊತೆ ವ್ಯಾಪಾರಕ್ಕೆ. ಆದರೂ ನಿಮ್ಮ ದೂರು ನನ್ನದೂ ಹೌದು. ಆ ಕೆಲಸ ಹೇಗಿತ್ತು ನೋಡಿ. ಮನುಷ್ಯನ ವಾಸನೆ ದಡಕ್ಕೆ ಹತ್ತಬಾರದು ಅಂತ ಕೊರೆಯುವ ನೀರಿನಲ್ಲೇ ನಡೆದು ಹೋಗಬೇಕು. ಉಕ್ಕಿನ ಟ್ರ್ಯಾಪನ್ನು ನಾಲ್ಕು ಬೆರಳು ನೀರಿನ ಕೆಳಗೆ ಇಡಬೇಕು. ಅದರ ಸರಪಳಿಯನ್ನು ಆಳದಲ್ಲಿ ಗೂಟ ಹೊಡೆದು ಬಿಗಿಯಬೇಕು. ಬೀವರಿನದೇ ಗ್ರಂಥಿಯ ರಸದಲ್ಲಿ ಅದ್ದಿದ ಕಡ್ಡಿಯನ್ನು ಮೇಲೆ ಚುಚ್ಚಬೇಕು. ಮೂಸಲು ಬಂದದ್ದರ ಕಾಲು ಸಿಕ್ಕಿಕೊಂಡು, ಆಳಕ್ಕೆ ಧುಮುಕಿ, ಅಲ್ಲೇ ಮುಳುಗಿ ಸಾಯುತ್ತದೆ. ಇಷ್ಟೆಲ್ಲ ಯಾಕೆ? ಟೋಪಿಗೆ! ಬೀವರಿನ ಒಳಗೂದಲಿಗೆ ಸಣ್ಣ ಮುಳ್ಳುಗಳಿವೆ. ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಫೆಲ್ಟ್, ಅಂದರೆ ನೇಯದ ದಪ್ಪ ಬಟ್ಟೆ, ಆಗುತ್ತದೆ. ಟೋಪಿ ಮಾಡುವವರು ತುಪ್ಪಳಕ್ಕೆ ಪಾದರಸ ಬಳಸಿ ಕೈ ನಡುಕ ಹತ್ತಿಸಿಕೊಂಡರು. ಆಮೇಲೆ ರೇಷ್ಮೆ ಟೋಪಿಯ ಫ್ಯಾಷನ್ ಬಂತು, ಬೀವರಿನ ಬೆಲೆ ಬಿತ್ತು. ಬೇಟೆಗಾರರು ವರ್ಷಕ್ಕೊಮ್ಮೆ ಸೇರುತ್ತಿದ್ದ ದೊಡ್ಡ ಸಂತೆ 1840ಕ್ಕೆ ನಿಂತೇಹೋಯಿತು. ಇಷ್ಟೂ ಒಂದು ಸಿನಿಮಾ ಅಲ್ವಾ?

ಬೆರಳು ಕತ್ತರಿಸುವ ದೃಶ್ಯದ ಬಗ್ಗೆ ನೀವು ಏನೂ ಬರೆದಿಲ್ಲ. ಆಗ ಎದ್ದು ಕಾಫಿಗೆ ಹೋಗಿದ್ದಿರೋ ಏನೋ. ಡಗ್ಲಸ್‌ನ ಬೆರಳು ಕೊಳೆಯಲು ಶುರುವಾಗಿದೆ. ಚೆನ್ನಾಗಿ ಕುಡಿಸಿ, ಕತ್ತರಿಸಿ ತೆಗೆಯುತ್ತಾರೆ. ಅಮಲಿನಲ್ಲಿ ಅವನಿಗೆ ನಗು. ಆಮೇಲೆ ಬೆರಳು ಎಲ್ಲಿ ಹೋಯಿತು ಅಂತ ಬೆಂಕಿ ಬೆಳಕಿನಲ್ಲಿ ನೆಲ ತಡಕುತ್ತಾನೆ. ಈ ದೃಶ್ಯವನ್ನು ಹಾಕ್ಸ್ ಮೊದಲು ನಟ ಜಾನ್ ವೇಯ್ನ್‌ಗೆ ಹೇಳಿದ್ದರಂತೆ, ಆತ ಒಪ್ಪಲಿಲ್ಲವಂತೆ. ಮೈ ಬಗ್ಗಿಸಿ ದುಡಿಯುವವರ ನಗು ಹೀಗೇ ಇರುತ್ತದೆ. ನನ್ನ ತಂದೆ ಅಕ್ಕಿ ಗಿರಣಿಯಲ್ಲಿದ್ದರು. ಅಲ್ಲಿ ಒಬ್ಬರಿಗೆ ಎರಡು ಬೆರಳಿರಲಿಲ್ಲ. "ಸಂಬಳ ಮಾತ್ರ ಹತ್ತು ಬೆರಳಿಗೇ ಕೊಡ್ತಾರೆ, ಲಾಭ" ಅಂತ ಅವರೇ ನಗಿಸುತ್ತಿದ್ದರು.

ನನ್ನ ಸಂಕಟ ಬೇರೆಯೇ ಇದೆ. ಈ ಮೇಜಿಗೆ ಬರುವ ಕಥೆಗಳ ಕಟ್ಟು ನೋಡಿದ್ದರೆ ನೀವು ಆ ದೋಣಿಯ ಮೇಲೆ ಕೋಪ ಮಾಡಿಕೊಳ್ಳುತ್ತಿರಲಿಲ್ಲ. ನಾಯಕ ಆಫೀಸಿಗೆ ಹೋಗುತ್ತಾನೆ, ಆಫೀಸಿನಿಂದ ಬರುತ್ತಾನೆ. ನಡುವೆ ಒಂಬತ್ತು ಗಂಟೆ ಏನು ಮಾಡಿದ ಅಂತ ಕಥೆಗಾರನಿಗೂ ಗೊತ್ತಿಲ್ಲ! ಕಿಟಕಿ, ಮಳೆ, ಆರಿದ ಕಾಫಿ, ಹಳೇ ಪ್ರೇಯಸಿ. ಸಿನಿಮಾದ ರೈತನ ಪಂಚೆಗೆ ಒಂದು ಹನಿ ಕೆಸರಿಲ್ಲ. ಎಂಜಿನಿಯರ್ ಕಂಪ್ಯೂಟರ್ ಮುಟ್ಟಲ್ಲ. ಅನ್ನ ಎಲ್ಲಿಂದ ಬಂತು ಅಂತ ಕೇಳಿದರೆ ಸಂಪಾದಕರಿಗೆ ಸೂಕ್ಷ್ಮತೆ ಸಾಲದು ಅಂತಾರೆ. ಒಬ್ಬ ಯುವಕರಂತೂ ಹಾಗಂತ ಪತ್ರವನ್ನೇ ಬರೆದರು.

ಈಗ ನಿಮ್ಮ ವಿಷಯ. ಮೂವತ್ತೊಂದು ವರ್ಷ ಕಂಬ ಹತ್ತಿದ್ದೀರಿ. ಒಂದೂವರೆ ಪುಟದ ಪತ್ರದಲ್ಲಿ ಅದಕ್ಕೆ ಒಂದೇ ಸಾಲಾ? ಮಳೆಗಾಲದ ರಾತ್ರಿ ಫೋನ್ ಬಂದಾಗ ಮನೆಯಿಂದ ಏನೇನು ಎತ್ತಿಕೊಂಡು ಹೊರಡುತ್ತಿದ್ದಿರಿ? ಲೈನ್ ಆಫ್ ಆಗಿದೆ ಅಂತ ಆ ಕಡೆಯವರು ಹೇಳಿದರೆ ಸುಮ್ನೆ ನಂಬಿ ಕೈ ಹಾಕುತ್ತಿದ್ದಿರಾ, ಅಥವಾ ನಿಮ್ಮದೇ ಒಂದು ಪರೀಕ್ಷೆ ಇತ್ತಾ? ನಾಲ್ಕು ಪುಟ ಬರೆದು ಕಳಿಸಿ. ಪ್ರೇಯಸಿ ಬೇಡ, ಏಣಿ ಇರಲಿ.